ಜ್ವರ ಬಂದರೆ ಸೂಜಿ ಬೇಡ

೯ ಜನವರಿ ೧೯೯೧, ಬುಧವಾರ. ಬ್ಯಾಡಗಿ

ಮಷೀನು ಮನೆಗೆ ಬಂತು. ಕಂಪಾಸು ಪೆಟ್ಟಿಗೆಗಿಂತ ತುಸು ದೊಡ್ಡದು, ಅಷ್ಟೇ. ಔಷಧ ತುಂಬಿದ ಸಿರಿಂಜನ್ನು ಅದಕ್ಕೆ ಸಿಕ್ಕಿಸಿ, ಮಗಳು ದಾಕ್ಷಿಯ ಹೊಟ್ಟೆಯ ಚರ್ಮದ ಕೆಳಗೆ ಸಣ್ಣ ಸೂಜಿ ಚುಚ್ಚಿ ಪಟ್ಟಿ ಅಂಟಿಸಿದರೆ ಸಾಕು, ಬೆಳಗಿನವರೆಗೆ ತೊಟ್ಟು ತೊಟ್ಟಾಗಿ ತಾನೇ ತಳ್ಳುತ್ತದೆ. ಮಗು ನಿದ್ದೆ ಮಾಡುತ್ತಿರುತ್ತದೆ.

ಇವತ್ತು ರಾಣೆಬೆನ್ನೂರಿನಲ್ಲಿ ಮೈಲಾರೆಪ್ಪ ಡಾಕ್ಟರು ಎಲ್ಲವನ್ನೂ ಮತ್ತೊಮ್ಮೆ ಬಿಡಿಸಿ ಹೇಳಿದರು. ಮರೆಯಬಾರದೆಂದು ಬರೆದುಕೊಳ್ಳುತ್ತೇನೆ. ದಾಕ್ಷಿಯದು ಹುಟ್ಟಿನಿಂದಲೇ ಬಂದ ಕಾಯಿಲೆ, ಥಲಸ್ಸೇಮಿಯಾ. ಮೈ ತನ್ನ ರಕ್ತವನ್ನು ತಾನೇ ನೆಟ್ಟಗೆ ತಯಾರಿಸಿಕೊಳ್ಳುವುದಿಲ್ಲ, ಅದಕ್ಕೇ ತಿಂಗಳಿಗೊಮ್ಮೆ ಬೇರೆಯವರ ರಕ್ತ. ಆದರೆ ಬಂದ ರಕ್ತದೊಂದಿಗೆ ಕಬ್ಬಿಣವೂ ಬರುತ್ತದೆ, ಅದಕ್ಕೆ ಹೊರಹೋಗುವ ದಾರಿಯಿಲ್ಲ. ಯಕೃತ್ತಿನಲ್ಲಿ, ಹೃದಯದಲ್ಲಿ ಕೂತುಬಿಡುತ್ತದೆ. "ಈ ಔಷಧ ಆ ಕಬ್ಬಿಣದ ಕೈ ಹಿಡದು ಹೊರಗ ಕರಕೊಂಡ ಬರತೈತ್ರಿ, ಟೀಚರ್" ಎಂದರು.

ಮಷೀನು ಕೊಟ್ಟವರು ಹಾವೇರಿಯಲ್ಲಿ ಗಡಿಯಾರ ರಿಪೇರಿ ಮಾಡುವ ಮಲ್ಲಿಕಸಾಬರು. ಅವರ ಮಗಳು ಶಮೀಮಾಳಿಗೂ ಇದೇ ಕಾಯಿಲೆ ಇತ್ತು. ಅವಳಿಗೆಂದು ಯಾರೋ ನೆಂಟರು ಮುಂಬೈಯಿಂದ ತಂದುಕೊಟ್ಟದ್ದಂತೆ. ಹೋದ ಮಳೆಗಾಲದಲ್ಲಿ ಆ ಹುಡುಗಿ ತೀರಿಕೊಂಡಳು. ಒಂದು ಪೈಸೆ ಕೇಳದೆ ಮಷೀನನ್ನು ಡಾಕ್ಟರ ಕೈಗೆ ಕೊಟ್ಟು, ಬೇಕಾದ ಮಗುವಿಗೆ ಕೊಡಿ ಎಂದು ಹೇಳಿಹೋಗಿದ್ದಾರೆ. ದೇವರು ಅವರನ್ನು ಚೆನ್ನಾಗಿ ಇಟ್ಟಿರಲಿ.

ಅತ್ತೆಗೆ ಸರಿಬರಲಿಲ್ಲ. "ಸತ್ತ ಕೂಸಿನ ಸಾಮಾನ ಜೀವಂತ ಕೂಸಿನ ಮೈಗೆ ಕಟ್ಟೂದೇನವಾ?" ಎಂದರು. ಅಂಥ ಮಾತು ಆಡಬಾರದು ಎಂದೆ. ಆಮೇಲೆ ಡೆಟಾಲಿನಲ್ಲಿ ಒರೆಸಿ, ಬಿಸಿಲಿಗಿಟ್ಟು, ವಿಭೂತಿ ಹಚ್ಚಿ ಒಳಗೆ ತಂದೆ.

೧೪ ಜನವರಿ, ಸೋಮವಾರ. ಸಂಕ್ರಾಂತಿ

ದಾಕ್ಷಿಯ ಮೂತ್ರ ಇಟ್ಟಿಗೆ ಬಣ್ಣದ್ದಾಗಿ ಬರುತ್ತಿದೆ. ಕಬ್ಬಿಣ ಹೊರಗೆ ಬರುತ್ತಿರುವ ಗುರುತು ಅದು. ಬಚ್ಚಲ ಬಾಗಿಲಲ್ಲಿ ನಿಂತು ನೋಡಿ ಕೈ ಮುಗಿದೆ. ಯಾರಾದರೂ ನೋಡಿದ್ದರೆ ಹುಚ್ಚಿ ಎನ್ನುತ್ತಿದ್ದರು.

ಸೂಜಿ ಚುಚ್ಚುವ ಹೊತ್ತಿಗೆ ಇವರು ಚಪ್ಪಲಿ ಮೆಟ್ಟಿ ಹೊರಗೆ ಹೋಗಿಬಿಡುತ್ತಾರೆ. ನೋಡಲಾಗುವುದಿಲ್ಲವಂತೆ. ಇರಲಿ. ಇವರ ಬೀಜದಂಗಡಿಯ ಮಾಲೀಕರೇ ಔಷಧ ತರಿಸಿಕೊಡುತ್ತಿದ್ದಾರೆ, ಅಂಗಡಿಯ ಹುಡುಗರು ಸರದಿ ಹಚ್ಚಿ ರಕ್ತ ಕೊಡುತ್ತಾರೆ. ಹಾಲಸಿದ್ದಪ್ಪನ ಮಗಳೆಂದರೆ ರಾಣೆಬೆನ್ನೂರಿನ ಅರ್ಧ ಪೇಟೆಗೆ ಗೊತ್ತು. ಇವರ ಒಳ್ಳೆಯತನವೇ ಅದನ್ನೆಲ್ಲ ಗಳಿಸಿದ್ದು.

೨೭ ಜನವರಿ, ರವಿವಾರ

ಮಷೀನು ನಿನ್ನೆ ನಿಂತುಬಿಟ್ಟಿತ್ತು. ಇವರು ಹಾವೇರಿಗೆ ಹೇಳಿಕಳಿಸಿದ್ದರು. ಇವತ್ತು ಬೆಳಗಿನ ರೈಲಿಗೆ ಮಲ್ಲಿಕಸಾಬರೇ ಬಂದರು. ಮೆಣಸಿನಕಾಯಿ ಸುಗ್ಗಿಯ ಘಾಟಿಗೆ ದಾರಿಯುದ್ದ ಸೀನುತ್ತ ಬಂದಿದ್ದರು ಪಾಪ. ಪಡಸಾಲೆಯಲ್ಲಿ ಕೂತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಒಳಗಿನ ಹಲ್ಲುಚಕ್ರ ತಿಕ್ಕಿ ಕೂಡಿಸಿಕೊಟ್ಟರು.

ಅವರ ಹೆಂಡತಿಯೂ ಜೊತೆಗಿದ್ದಳು. ಎತ್ತರದ ಹೆಂಗಸು, ಮಾತು ಕಡಿಮೆ. ಚಹಾದ ಬಟ್ಟಲು ಕೆಳಗಿಟ್ಟು, "ಕೂಸಿನ ಒಂದೀಟು ನೋಡಲೇನ್ರಿ ಬಾಯಾರ?" ಎಂದು ಕೇಳಿದಳು. "ಮಲಗ್ಯಾಳ್ರಿ" ಎಂದೆ. ದಾಕ್ಷಿ ಹಿತ್ತಲಲ್ಲಿ ಆಡುತ್ತಿದ್ದಳು. ಆ ಕಣ್ಣಿಗೆ ನನ್ನ ಮಗು ಬೀಳುವುದು ಬೇಡವಾಗಿತ್ತು. ಅಷ್ಟರಲ್ಲಿ ಹಿತ್ತಲಿನಿಂದ ಅವಳ ದನಿಯೇ ಕೇಳಿತು. ರೈಲು ನಿಲ್ದಾಣದವನಂತೆ ಮೂಗಿನಲ್ಲಿ, "ದೇವರಗುಡ್ಡಾ, ರಾಣೆಬೆನ್ನೂರಾ, ಹರಿಹರಾ" ಎಂದು ಕೂಗುತ್ತಿದ್ದಳು. ಆಕೆ ಸೆರಗು ಸರಿಮಾಡಿಕೊಂಡು ಎದ್ದಳು.

ಮಷೀನು ಈಗ ಚೆನ್ನಾಗಿ ನಡೆಯುತ್ತಿದೆ. ದೊಡ್ಡ ಉಪಕಾರವಾಯಿತು.

೮ ಫೆಬ್ರುವರಿ, ಶುಕ್ರವಾರ

ದಾಕ್ಷಿಗೆ ಗಂಟಲು ನೋವು, ಮೈ ಬೆಚ್ಚಗಿದೆ. ಊರ ತುಂಬ ಘಾಟು, ಅದಕ್ಕೇ ಇರಬೇಕು.

೯ ಫೆಬ್ರುವರಿ, ಶನಿವಾರ

ಜ್ವರ ಏರಿದೆ. ಹೊಟ್ಟೆ ಬೇರೆ ಕೆಟ್ಟಿದೆ. "ಇವತ್ತ ಮಷೀನ ಬ್ಯಾಡವಾ" ಎಂದು ಅತ್ತಳು. ಒಂದು ದಿನ ಬಿಟ್ಟರೆ ಅಷ್ಟು ಕಬ್ಬಿಣ ಒಳಗೇ ಉಳಿಯುತ್ತದಲ್ಲ, ಬಿಡಲಿಲ್ಲ. ತೊಡೆಯ ಮೇಲೆ ಮಲಗಿಸಿಕೊಂಡು ಚುಚ್ಚಿದೆ.

೧೦ ಫೆಬ್ರುವರಿ, ರವಿವಾರ

ಹೊಟ್ಟೆಯ ಬಲಗಡೆ ಕೈಯಿಟ್ಟರೆ ಚೀರುತ್ತಾಳೆ. ಮೊಣಕಾಲು ಎದೆಗೆ ಮಡಚಿಕೊಂಡು ಮಲಗಿದ್ದಾಳೆ. ಇಲ್ಲಿಯ ಡಾಕ್ಟರು ಮುಟ್ಟಿ ನೋಡಿ, ಇದು ಅಪೆಂಡಿಕ್ಸು, ತಡಮಾಡಬೇಡಿ, ಹೊಟ್ಟೆ ಕೊಯ್ಯಲೇಬೇಕಾಗುತ್ತದೆ ಎಂದರು. ಮೈಯಲ್ಲಿ ರಕ್ತವೇ ನಿಲ್ಲದ ಮಗುವಿನ ಹೊಟ್ಟೆ ಕೊಯ್ಯುವುದೇ? ನಾಳೆ ಮೊದಲ ಬಸ್ಸಿಗೆ ರಾಣೆಬೆನ್ನೂರಿಗೆ ಹೊರಡುತ್ತೇವೆ. ಔಷಧ, ಮಷೀನು ಎಲ್ಲ ಚೀಲಕ್ಕೆ ಹಾಕಿದ್ದೇನೆ.

೧೧ ಫೆಬ್ರುವರಿ, ಸೋಮವಾರ. ರಾಣೆಬೆನ್ನೂರು

ಬರೆಯುತ್ತೇನೆ, ಬರೆದರೆ ಮನಸ್ಸು ಒಂದೆಡೆ ನಿಲ್ಲುತ್ತದೆ.

ಮೈಲಾರೆಪ್ಪ ಡಾಕ್ಟರು ದಾಕ್ಷಿಯನ್ನು ದಾಖಲು ಮಾಡಿಕೊಂಡು ಸಲೈನು ಹಚ್ಚಿದರು. ಅವರಿಗೂ ಮೊದಲು ಅಪೆಂಡಿಕ್ಸೇ ಇರಬೇಕೆನಿಸಿತು. ದಾವಣಗೆರೆಯ ಸರ್ಜನ್ನರಿಗೆ ಫೋನು ಮಾಡಿಸಿದರು. ಅವರು ಸಂಜೆಗೆ ಬರುವವರಿದ್ದರು. ಇವರು ರಕ್ತ ಕೊಡುವ ಹುಡುಗರನ್ನು ಕರೆತರಲು ಅಂಗಡಿಗೆ ಓಡಿದರು.

ಹತ್ತು ಗಂಟೆಯ ಸುಮಾರಿಗೆ ಮಲ್ಲಿಕಸಾಬರ ಹೆಂಡತಿ ಹಸೀನಾಬಿ ಬಂದಳು. ಮಷೀನಿಗೆ ಹೊಸ ಬ್ಯಾಟರಿ ಕೊಟ್ಟುಹೋಗಲು ಬೆಳಿಗ್ಗೆ ಬ್ಯಾಡಗಿಯ ಮನೆಗೆ ಹೋಗಿದ್ದಳಂತೆ. ಅತ್ತೆ ಅಳುತ್ತ ಸುದ್ದಿ ಹೇಳಿದ್ದೇ ಹಾಗೇ ಬಸ್ಸು ಹತ್ತಿದ್ದಾಳೆ. ಈ ಸಲ ನಾನು ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ, ನಿಲ್ಲುವ ಶಕ್ತಿಯೂ ಇರಲಿಲ್ಲ. ಆಕೆ ಮಂಚದ ಬಳಿ ನಿಂತು ದಾಕ್ಷಿಯ ಮಡಚಿದ ಮೊಣಕಾಲನ್ನೇ ನೋಡಿದಳು. ಆಮೇಲೆ ಕೇಳಿದಳು, "ಪೈಲೆ ಗಂಟಲ ಬ್ಯಾನಿ ಇತ್ತೇನ್ರಿ?"

"ಹೌದು" ಎಂದೆ.

"ಆಮ್ಯಾಲೆ ಜುಲಾಬು? ಬಲಗಡೆ ನೋವು?"

"ಹೌದ್ರಿ. ನಿಮಗ ಹೆಂಗ ಗೊತ್ತಾತು?"

"ನಮ್ಮ ಶಮೀಮಾಗೂ ಹಿಂಗ ಸುರು ಆಗಿತ್ರಿ."

ಡಾಕ್ಟರು ಚೀಟಿ ಬರೆಯುತ್ತಿದ್ದವರು ತಲೆ ಎತ್ತಿದರು. ಶಮೀಮಾ ತೀರಿಕೊಂಡದ್ದು ಸೊಲ್ಲಾಪುರದಲ್ಲಿ, ಸೋದರಮಾವನ ಮನೆಗೆ ಹೋದಾಗ. ಕಡೆಯ ಕಾಯಿಲೆಯನ್ನು ಮೈಲಾರೆಪ್ಪ ಡಾಕ್ಟರು ನೋಡಿಯೇ ಇರಲಿಲ್ಲ. ಕೂಡಿಸಿ ಕೇಳಿದರು. ಹಸೀನಾಬಿ ಒಂದೊಂದಾಗಿ ಹೇಳಿದಳು. ಅಲ್ಲಿಯ ದೊಡ್ಡ ದವಾಖಾನೆಯಲ್ಲಿ ಅಪೆಂಡಿಕ್ಸು ಎಂದು ಹೊಟ್ಟೆ ಕೊಯ್ದರಂತೆ. ನೋಡಿದರೆ ಅಪೆಂಡಿಕ್ಸಿಗೆ ಏನೂ ಆಗಿರಲಿಲ್ಲ, ಅದರ ಪಕ್ಕದ ಕರುಳು ಬಾತಿತ್ತಂತೆ. ಆಮೇಲೆ ನಂಜು ರಕ್ತಕ್ಕೇರಿ ಹುಡುಗಿ ಉಳಿಯಲಿಲ್ಲ.

"ಜ್ವರಾ ಬಂದಾಗ ಮಷೀನ ನಿಂದ್ರಿಸಿದ್ರೇನು?" ಎಂದು ಕೇಳಿದರು ಡಾಕ್ಟರು.

"ಇಲ್ರಿ. ಕಡೀತನಕ ಬಿಡಲಿಲ್ಲ. ಒಂದ ದಿನಾನೂ ತಪ್ಪಿಸಿಲ್ರಿ ನಾನು."

ಡಾಕ್ಟರು ಎದ್ದು ತಮ್ಮ ಕೋಣೆಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದವರು ನಮ್ಮಿಬ್ಬರನ್ನು, ನನ್ನನ್ನೂ ಅಷ್ಟರಲ್ಲಿ ಅಂಗಡಿಯಿಂದ ಮರಳಿದ್ದ ಇವರನ್ನೂ, ಒಳಗೆ ಕರೆದರು. ಮೇಜಿನ ಮೇಲೆ ವೈದ್ಯರ ಪತ್ರಿಕೆಗಳು ಹರವಿದ್ದವು. ಅವರು ಹೇಳಿದ್ದನ್ನು ಆದಷ್ಟು ಹಾಗೆಯೇ ಬರೆಯುತ್ತೇನೆ.

"ಮನಶ್ಯಾಗ ಹೆಂಗ ಕಬ್ಬಿಣ ಬೇಕೋ, ರೋಗ ತರೋ ಬ್ಯಾಕ್ಟೀರಿಯಾಕ್ಕೂ ಹಂಗ ಬೇಕ್ರಿ. ಕಬ್ಬಿಣ ಸಿಗಲಿಲ್ಲಂದ್ರ ಅವು ಬೆಳಿಯೂದಿಲ್ಲ. ಅದು ನಮ್ಮ ಮೈಗೂ ಗೊತ್ತೈತಿ. ಅದಕ್ಕ ಕಬ್ಬಿಣಾನ ಸಡ್ಲ ಬಿಡೂದಿಲ್ಲ, ಕಟ್ಟಿ ಇಟ್ಟಿರತೈತಿ. ಜ್ವರಾ ಬಂತಂದ್ರ ಇನ್ನೂ ಬಚ್ಚಿಡತೈತಿ. ಆದರ ಬ್ಯಾಕ್ಟೀರಿಯಾ ಸುಮ್ಮನ ಕುಂದ್ರತಾವೇನು? ಬಾಳ ಜಾತಿಯವು ತಮ್ಮ ಮೈಯಾಗ ಒಂದು ವಸ್ತು ತಯಾರ ಮಾಡಿ ಹೊರಗ ಬಿಡತಾವು. ಅದು ಹೋಗಿ ನಮ್ಮ ಕಬ್ಬಿಣಾನ ಗಟ್ಟಿ ಹಿಡಕೊಂಡು ಬರತೈತಿ, ಇವು ಒಳಗ ತೊಗೊಂತಾವು. ಇನ್ನ ಕೆಲವು ಅದಾವು, ತಾವು ಮಾಡೂದಿಲ್ಲ. ಬ್ಯಾರೇದವು ಮಾಡಿದ್ದು ಸಿಕ್ಕರ ಅದನ್ನ ಒಳಗ ಎಳಕೊಂತಾವು."

ಇವರು ಕೇಳಿದರು, "ಅದಕ್ಕೂ ಔಷಧಕ್ಕೂ ಏನ್ರಿ ಸಂಬಂಧ?"

"ಔಷಧ ಅಂಥಾದ ಒಂದು ವಸ್ತುರೀ ಹಾಲಸಿದ್ದಪ್ಪನವರ. ಮಣ್ಣಾಗಿನ ಒಂದು ಸೂಕ್ಷ್ಮಜೀವಿ ತನಗಂತ ಮಾಡಿಕೊಂಡಿದ್ದು. ಕಬ್ಬಿಣ ಹಿಡಿಯೂದರಾಗ ಅಷ್ಟು ಗಟ್ಟಿ ಅಂತ ಅದನ್ನ ಔಷಧ ಮಾಡ್ಯಾರ. ದಾಕ್ಷಿಯ ಕರುಳಾಗ ಈಗ ಯೆರ್ಸಿನಿಯಾ ಅನ್ನೋ ಬ್ಯಾಕ್ಟೀರಿಯಾ ಕುಂತೈತಿ ಅಂತ ನನಗ ಸಂಶಯ. ಅದು ಎರಡನೇ ಜಾತೀದು. ನಾವು ಔಷಧ ಕೊಟ್ಟಷ್ಟೂ, ಮುಚ್ಚಿಟ್ಟ ಕಬ್ಬಿಣ ಅದರ ಬಾಯಿಗೇ ಹೋಗಾಕತ್ತೈತಿ."

ಶನಿವಾರ ಅಳುವ ಮಗುವನ್ನು ತೊಡೆಯ ಮೇಲೆ ಹಿಡಿದು ಚುಚ್ಚಿದ ಕೈ ಇದೇ. "ಹಂಗಾರ ಔಷಧ ಅಲ್ಲ, ವಿಷ ಕೊಟ್ಟಂಗಾತಲ್ರಿ" ಎಂದೆ.

"ಅಲ್ರಿ ಟೀಚರ್. ಔಷಧ ಔಷಧನ, ಅದಿಲ್ಲದ ದಾಕ್ಷಿ ಬಾಳೂದಿಲ್ಲ. ಈಗ ಮಾತ್ರ ಬ್ಯಾಡ. ನಿಂದ್ರಸೋಣು. ಬ್ಯಾಕ್ಟೀರಿಯಾಕ್ಕ ಇಂಜೆಕ್ಷನ್ ಸುರು ಮಾಡತೇನಿ. ಸರ್ಜನ್ನರು ಬರಲಿ, ಬಾಜೂಕ ಇರಲಿ. ಆದರ ನಾಳೆ ಮಧ್ಯಾಹ್ನದತನಕ ಹೊಟ್ಟಿ ಕೊಯ್ಯೂದು ಬ್ಯಾಡ ಅನಸತೈತಿ. ನನ್ನ ಲೆಕ್ಕ ತಪ್ಪಿದ್ರೂ ತಪ್ಪೀತು. ನೀವು ಹೂಂ ಅನಬೇಕು."

ಇವರು ನನ್ನ ಮುಖ ನೋಡಿದರು. ನಾನು ಬಾಗಿಲಾಚೆ ನೋಡಿದೆ. ಹಸೀನಾಬಿ ದಾಕ್ಷಿಯ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ಕೊಯ್ದು ನೋಡಿದರೆ ಏನೂ ಇರಲಿಲ್ಲ ಎಂದು ಹೇಳಿದ ಬಾಯಿ ಅದು. "ಹೂಂರಿ" ಎಂದೆ.

ಕೋಣೆಯಿಂದ ಹೊರಡುವ ಮುನ್ನ ಡಾಕ್ಟರಿಗೆ ಒಂದು ಮಾತು ಕೇಳಿಕೊಂಡೆ, ಹಸೀನಾಬಿಗೆ ಇದನ್ನು ಹೇಳಬೇಡಿರೆಂದು.

೧೨ ಫೆಬ್ರುವರಿ, ಮಂಗಳವಾರ. ಶಿವರಾತ್ರಿ

ಜ್ವರ ಇಳಿದಿಲ್ಲ. ಹೊಟ್ಟೆ ಬಿಗಿಯಾಗಿಲ್ಲ ಎಂದು ಸರ್ಜನ್ನರೂ ಕಾಯಲು ಒಪ್ಪಿದರು. ಮೂತ್ರ ತಿಳಿಯಾಗಿ ಬರುತ್ತಿದೆ. ಕಬ್ಬಿಣವೆಲ್ಲ ಒಳಗೇ ಉಳಿಯುತ್ತಿದೆ.

ಹಸೀನಾಬಿ ಊರಿಗೆ ಹೋಗಿಲ್ಲ.

೧೪ ಫೆಬ್ರುವರಿ, ಗುರುವಾರ

ಗಂಜಿ ಕುಡಿದಳು. ನಾಲ್ಕು ಚಮಚೆ.

೧೫ ಫೆಬ್ರುವರಿ, ಶುಕ್ರವಾರ

ಜ್ವರ ಬಿಟ್ಟಿತು! ಬೆಳಿಗ್ಗೆ ಮೈ ತಣ್ಣಗಿತ್ತು, ದಿಂಬು ಬೆವರಿನಿಂದ ತೊಯ್ದಿತ್ತು. ಕಾಲು ಚಾಚಿ ಮಲಗಿದ್ದಾಳೆ. ನಾನು ಆ ಚಾಚಿದ ಕಾಲುಗಳನ್ನು ಮುಟ್ಟಿ ಮುಟ್ಟಿ ನೋಡಿದೆ.

ಯಾರಿಗೆಲ್ಲ ಕೈ ಮುಗಿಯಲಿ? ತಪ್ಪಿದರೂ ತಪ್ಪೀತು ಎಂದು ಬಾಯಿಬಿಟ್ಟು ಹೇಳಿದ ಡಾಕ್ಟರಿಗೆ. ಕೊಯ್ಯಲು ಬಂದು ಕೊಯ್ಯದೆ ಹೋದ ಸರ್ಜನ್ನರಿಗೆ. ಬುಧವಾರ ರಕ್ತ ಕೊಟ್ಟು ಹಾಗೆಯೇ ಅಂಗಡಿಗೆ ಹೋಗಿ ಮೂಟೆ ಹೊತ್ತ ಹುಡುಗ ಗುಡದಪ್ಪನಿಗೆ. ಬ್ಯಾಡಗಿಯಿಂದ ದಿನಾಲೂ ಬುತ್ತಿ ಕಟ್ಟಿಕೊಂಡು ಬರುವ ಅತ್ತೆಗೆ. ಇವತ್ತು ಅತ್ತೆ ಹಸೀನಾಬಿಗೂ ಬೇರೆ ಬುತ್ತಿ ತಂದಿದ್ದರು, ಎರಡು ರೊಟ್ಟಿ ಹೆಚ್ಚೇ ಇಟ್ಟು. "ನೀ ಉಣ್ಣವಾ, ಕೂಸಿಗೆ ಉಣಸೂದಷ್ಟ ಆತು ನಿಂದು" ಎಂದು ಗದರಿದರು.

ದಾಕ್ಷಿ ಆಕೆಯನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಾಳೆ. ಯಾರು ಹೇಳಿಕೊಟ್ಟರೋ. ಸ್ಟೇಷನ್ನುಗಳ ಹೆಸರನ್ನು ಮೂಗಿನಲ್ಲಿ ಕೂಗಿ ತೋರಿಸಿದಳು, ದನಿ ಇನ್ನೂ ಬಡಕಲಾಗಿದೆ. "ಹಾವೇರಿ ಬಿಟ್ಟಿಯಲ್ಲಬೇ!" ಎಂದು ಹಸೀನಾಬಿ ತಕರಾರು ತೆಗೆದಳು. ಆಕೆ ನಕ್ಕದ್ದನ್ನು ಮೊದಲ ಸಲ ನೋಡಿದೆ. ಒಂದು ಹಲ್ಲು ಓರೆ ಇದೆ.

೧೯ ಫೆಬ್ರುವರಿ, ಮಂಗಳವಾರ

ಇವತ್ತು ಹೇಳಿಬಿಟ್ಟೆ.

ದವಾಖಾನೆಯ ಹಿಂದಿನ ನಳದ ಹತ್ತಿರ ಇಬ್ಬರೂ ಬಟ್ಟೆ ಒಗೆಯುತ್ತಿದ್ದೆವು. ದಾಕ್ಷಿಯ ಲಂಗ ಹಿಂಡುತ್ತ ಹಸೀನಾಬಿ ಕೇಳಿದಳು, "ನೀಲವ್ವಾ, ಔಷಧ ಯಾಕ ನಿಂದ್ರಿಸಿದ್ರು?"

"ಜ್ವರಾ ಇತ್ತಲ್ಲಾ..." ಎಂದೆ.

"ನಾನು ಸಣ್ಣ ಕೂಸಲ್ಲ. ಅವತ್ತ ನಾ ಶಮೀಮಾಂದು ಹೇಳಿದ ಮ್ಯಾಲೇ ಡಾಕ್ಟರ್ ಎದ್ದು ಹ್ವಾದ್ರು. ಬಂದು ಮಷೀನ ಬ್ಯಾಡಂದ್ರು. ಖರೇ ಹೇಳು. ನೀ ಹೇಳಿದ್ರ ನಂಬತೇನಿ."

ಸುಳ್ಳು ಹೇಳಬೇಕೆಂದೇ ಬಾಯಿ ತೆರೆದೆ. ಆಕೆಯ ಕೈಯಲ್ಲಿ ನನ್ನ ಮಗಳ ಲಂಗವಿತ್ತು. ಸುಳ್ಳು ಬರಲಿಲ್ಲ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ, ಕಬ್ಬಿಣ, ಬ್ಯಾಕ್ಟೀರಿಯಾ, ಔಷಧ, ಎಲ್ಲ. ಶಮೀಮಾಳದೂ ಅದೇ ಇತ್ತೆಂದು ಯಾರೂ ಖಚಿತವಾಗಿ ಹೇಳಲಾರರು ಎಂದೂ ಹೇಳಿದೆ. ಅದನ್ನು ಆಕೆ ಕೇಳಿಸಿಕೊಂಡಳೋ ಇಲ್ಲವೋ.

ಲಂಗವನ್ನು ಹಗ್ಗಕ್ಕೆ ಹಾಕಿ, ನಿರಿಗೆ ಬಿಡಿಸಿ ಸರಿಮಾಡಿದಳು. ಚೀಲ ತೆಗೆದುಕೊಂಡು ಹೊರಟುಹೋದಳು. ದಾಕ್ಷಿಗೆ ಹೋಗಿಬರುತ್ತೇನೆಂದೂ ಹೇಳಲಿಲ್ಲ.

೨೩ ಫೆಬ್ರುವರಿ, ಶನಿವಾರ. ಬ್ಯಾಡಗಿ

ಮನೆಗೆ ಬಂದೆವು. ಓಣಿಯವರೆಲ್ಲ ನೋಡಲು ಬಂದರು. ದಾಕ್ಷಿ ಖಾಲಾ ಎಲ್ಲಿ ಎಂದು ಕೇಳುತ್ತಾಳೆ. ಹಾವೇರಿಯಿಂದ ಸುದ್ದಿಯಿಲ್ಲ.

೨೬ ಫೆಬ್ರುವರಿ, ಮಂಗಳವಾರ

ಸಾಲೆಗೆ ಹೋದೆ. ನಾಲ್ಕನೇ ಇಯತ್ತೆಯ ಮಕ್ಕಳು ಏನು ಓದಿದರೋ, ನಾನೇನು ಕೇಳಿದೆನೋ. ಹೇಳಬಾರದಿತ್ತೇ? ಇವರನ್ನು ಕೇಳಿದೆ. "ನೀನು ಮುಚ್ಚಿಟ್ಟಿದ್ದರ ಅಕಿ ಮುಖ ನೋಡಿ ಮಾತಾಡಾಕ ಆಗತಿತ್ತೇನು ನಿನಗ?" ಎಂದರು. ಆಗುತ್ತಿರಲಿಲ್ಲ. ಈಗಲೂ ಆಗುತ್ತದೋ ಇಲ್ಲವೋ.

೩ ಮಾರ್ಚ್, ರವಿವಾರ

ಹಾವೇರಿಗೆ ಹೋಗಿಬಂದೆ. ದಾಕ್ಷಿಯನ್ನು ಅತ್ತೆಯ ಬಳಿ ಬಿಟ್ಟು ಒಬ್ಬಳೇ ಹೋದೆ.

ಮುಂದಿನ ಕೋಣೆಯೇ ಮಲ್ಲಿಕಸಾಬರ ಅಂಗಡಿ. ಗೋಡೆ ತುಂಬ ಗಡಿಯಾರ, ಒಂದೊಂದು ಒಂದೊಂದು ಹೊತ್ತು ತೋರಿಸುತ್ತಿದ್ದವು. ನನ್ನನ್ನು ನೋಡಿ ಎದ್ದುನಿಂತು, "ಒಳಗ ಹೋಗ್ರಿ. ಎರಡು ವಾರ ಆತು, ನನ್ನ ಜೋಡೀನೂ ಮಾತಾಡಿಲ್ಲ" ಎಂದರು. ನಾನು ಹೇಳಿಬಿಟ್ಟದ್ದು ತಿಳಿದು ಮೈಲಾರೆಪ್ಪ ಡಾಕ್ಟರು ಹಿಂದಿನ ರವಿವಾರ ತಾವೇ ಬಂದು, ಇದೇ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿಹೋದರಂತೆ. ಆಗ ಯಾರಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ, ನಿಮ್ಮ ತಪ್ಪು ಏನೂ ಇಲ್ಲ ಎಂದರಂತೆ. ಆಕೆ ಕೇಳಿ, ಎದ್ದು ಒಳಗೆ ಹೋದಳಂತೆ.

ಹಸೀನಾಬಿ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. "ಯಾಕ ಬಂದಿ?" ಎಂದಳು, ತಲೆ ಎತ್ತದೆ.

ಎದುರಿಗೆ ಕೂತು, ಮೊರದ ಇನ್ನೊಂದು ಬದಿಯಿಂದ ನಾನೂ ಅಕ್ಕಿ ಆರಿಸತೊಡಗಿದೆ. ಆಕೆ ಬೇಡವೆನ್ನಲಿಲ್ಲ.

ಅರ್ಧ ಮೊರ ಆರಿಸಿದ ಮೇಲೆ ತಾನೇ ಮಾತಾಡಿದಳು. "ಕಡೀ ದಿವಸ ಅಕಿ ಅಂದ್ಲು, ಅಮ್ಮೀ, ಇವತ್ತ ಬ್ಯಾಡ ಅಂತ. ನಾ ಕೇಳಲಿಲ್ಲ. ಹಲ್ಲು ಕಚ್ಚಿ ಹಾಕಿದೆ. ಡಾಕ್ಟರ್ ಬಂದು ತಪ್ಪಿಲ್ಲ ತಪ್ಪಿಲ್ಲ ಅಂತಾರ. ಇವರೂ ಅದನ್ನ ಅಂತಾರ. ಬ್ಯಾಡ ಅಂದಿದ್ದು ಅವರ ಕಿವಿಗೆ ಬಿದ್ದಿಲ್ಲಲ್ಲ."

"ದಾಕ್ಷೀನೂ ಬ್ಯಾಡ ಅಂದಿದ್ಲು" ಎಂದೆ. "ನಾನೂ ಹಾಕಿದೆ. ನೀವು ಅವತ್ತ ಬಂದು ಹೇಳದಿದ್ರ ಮರುದಿನಾನೂ ಹಾಕತಿದ್ದೆ. ಅದರ ಮರುದಿನಾನೂ. ಆಮ್ಯಾಲೆ ನಾನೂ ಹಿಂಗ ಕುಂತು ಅಕ್ಕಿ ಆರಸತಿದ್ದೆ."

ಆಗ ಆಕೆ ತಲೆ ಎತ್ತಿದಳು. ಅತ್ತಳು. ಹೀಗೆ ಅಳುವುದನ್ನು ನಾನು ನೋಡಿರಲಿಲ್ಲ, ದನಿಯೇ ಇಲ್ಲದೆ, ಬಾಯಿ ತೆರೆದುಕೊಂಡು. ಮೊರವನ್ನು ಬದಿಗಿಟ್ಟು ಆಕೆಯ ತಲೆಯನ್ನು ನನ್ನ ಹೆಗಲಿಗೆ ಒತ್ತಿಕೊಂಡೆ. ನಾನೂ ಅತ್ತೆ.

ಆಮೇಲೆ ಆರಿಸಿದ ಅಕ್ಕಿಯನ್ನೇ ಬೇಯಿಸಿ, ಸಾರು ಮಾಡಿ, ಉಣ್ಣದೆ ಹೋಗಕೂಡದೆಂದಳು. ಮೂವರೂ ಕೂತು ಉಂಡೆವು. ಹಸಿವು ಎಷ್ಟಿತ್ತೆಂದರೆ ಎರಡನೇ ಸಲ ಹಾಕಿಸಿಕೊಂಡೆ. ಬಸ್‌ಸ್ಟ್ಯಾಂಡಿನವರೆಗೆ ಹಸೀನಕ್ಕನೇ ಬಂದು ಕಳಿಸಿದಳು. "ಕೂಸು ಹೆಂಗೈತಿ?" ಎಂದು ಬಸ್ಸು ಹೊರಡುವಾಗ ಕೇಳಿದಳು. ಮೊದಲಿನಿಂದ ತಡೆದಿಟ್ಟುಕೊಂಡಿದ್ದ ಪ್ರಶ್ನೆ ಇರಬೇಕು.

೧೯ ಮಾರ್ಚ್, ಮಂಗಳವಾರ

ದಾಕ್ಷಿಯ ಮಲವನ್ನು ಡಾಕ್ಟರು ದೂರದ ಲ್ಯಾಬಿಗೆ ಕಳಿಸಿದ್ದರು. ಅವರ ಊಹೆಯೇ ನಿಜ, ಯೆರ್ಸಿನಿಯಾ. ಹಾಲಿನಿಂದ ಬಂತೋ ನೀರಿನಿಂದ ಬಂತೋ ಹೇಳಲಾಗದಂತೆ. ಅತ್ತೆ ಅಂದಿನಿಂದ ಹಾಲನ್ನು ಉಕ್ಕಿಸಿ ಉಕ್ಕಿಸಿ ಕಾಯಿಸುತ್ತಾರೆ, ಅರ್ಧ ಒಲೆಯ ಪಾಲು.

೨೪ ಮಾರ್ಚ್, ರವಿವಾರ

ಔಷಧ ಮತ್ತೆ ಶುರು ಮಾಡಲು ಡಾಕ್ಟರು ಹೇಳಿದರು. ಕರುಳು ಪೂರ್ತಿ ವಾಸಿಯಾಗಿದೆ, ಇನ್ನು ತಡಮಾಡಿದರೆ ಹೃದಯಕ್ಕೆ ಕೇಡು. ಒಂದೇ ನಿಯಮ. ಜ್ವರ ಬಂದರೆ, ಹೊಟ್ಟೆ ನೋವು ಬಂದರೆ, ಮೊದಲು ಸೂಜಿ ತೆಗೆಯಬೇಕು, ಆಮೇಲೆ ಅವರ ಬಳಿ ಬರಬೇಕು.

ಊಟವಾದ ಮೇಲೆ ಎಲ್ಲ ಸಜ್ಜು ಮಾಡಿಕೊಂಡು ಕೂತೆ. ಸೂಜಿ ಹಿಡಿದ ಕೈ ಮುಂದೆ ಹೋಗಲಿಲ್ಲ. ದಾಕ್ಷಿ ಅಂಗಿ ಎತ್ತಿಕೊಂಡು ಕಾಯುತ್ತಿದ್ದಳು. ಇವರು ಎಂದಿನಂತೆ ಚಪ್ಪಲಿ ಮೆಟ್ಟಿದ್ದರು. ಹೊಸ್ತಿಲಲ್ಲೇ ನಿಂತು ನನ್ನನ್ನು ನೋಡಿದರು. ಚಪ್ಪಲಿ ಬಿಟ್ಟು, ಕೈ ತೊಳೆದು ಬಂದು, "ಕೊಡಿಲ್ಲೆ. ಎಲ್ಲಿ ಚುಚ್ಚೂದು, ತೋರಸು" ಎಂದರು. ಹಣೆಯಲ್ಲಿ ಬೆವರು ಇಳಿಯುತ್ತಿತ್ತು. "ಅಪ್ಪಾಜಿ, ಕಣ್ಣ ತೆಗಿ" ಎಂದು ದಾಕ್ಷಿ ನಕ್ಕಳು. ಕಣ್ಣು ತೆರೆದೇ ಚುಚ್ಚಿದರು. ಚೆನ್ನಾಗಿಯೇ ಚುಚ್ಚಿದರು.

ಎಂಥ ಗಂಡನನ್ನು ಕೊಟ್ಟಿದ್ದೀ ತಂದೆ. ಬರೆಯಲು ನಾಚಿಕೆಯಾಗುತ್ತಿದೆ, ಬರೆದಿಡುತ್ತೇನೆ.

೭ ಏಪ್ರಿಲ್, ರವಿವಾರ

ರಾಣೆಬೆನ್ನೂರಿನಲ್ಲಿ ರಕ್ತ ಹಾಕಿಸುವ ದಿನ. ಇವರು ಅಂಗಡಿಯ ಕೆಲಸಕ್ಕೆ ಧಾರವಾಡಕ್ಕೆ ಹೋಗಿದ್ದರು. ದಾಕ್ಷಿಯನ್ನು ಕರೆದುಕೊಂಡು ನಾನೇ ಹೋದೆ. ಹಸೀನಕ್ಕ ನಮಗಿಂತ ಮೊದಲೇ ಬಂದು ಬೆಂಚಿನ ಮೇಲೆ ಕೂತಿದ್ದಳು. ರಂಜಾನ್ ತಿಂಗಳು, ಉಪವಾಸ. ಈ ಬಿಸಿಲಿನಲ್ಲಿ ಒಂದು ಗುಟುಕು ನೀರಿಲ್ಲದೆ ಬಂದಿದ್ದಾಳೆ. ಡಾಕ್ಟರಿಗೆ ಆಕೆಯೇ ಹೇಳಿಕಳಿಸಿದ್ದಳಂತೆ, ರಕ್ತ ಹಾಕಿಸಲು ಬರುವ ತಾಯಂದಿರ ಜೊತೆ ಮಾತಾಡಬೇಕೆಂದು.

ಐದು ಮಕ್ಕಳು ಬಂದಿದ್ದರು. ಎಲ್ಲರ ಕೈಗೂ ಬಾಟಲಿ ಹಚ್ಚಿದ ಮೇಲೆ ಡಾಕ್ಟರು ತಾಯಂದಿರನ್ನು ಒಂದು ಕಡೆ ಕೂಡಿಸಿದರು. ಹಸೀನಕ್ಕ ಎದ್ದುನಿಂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

"ನನಗ ಭಾಷಣ ಮಾಡಾಕ ಬರೂದಿಲ್ರಿ. ಒಂದ ಮಾತು ಹೇಳತೇನಿ. ಕಬ್ಬಿಣ ತಗಿಯೋ ಔಷಧ ಬಾಳ ಚೊಲೋದು, ಬಿಡಬ್ಯಾಡ್ರಿ. ಆದರ ಕೂಸಿಗೆ ಜ್ವರಾ ಬಂದ್ರ ಸೂಜಿ ಹಾಕಬ್ಯಾಡ್ರಿ. ಹೊಟ್ಟಿ ನೋವಂದ್ರೂ ಹಾಕಬ್ಯಾಡ್ರಿ. ಕೂಸು ಇವತ್ತ ಬ್ಯಾಡ ಅಂತಂದ್ರ, ಯಾಕ ಬ್ಯಾಡ, ಏನಾಗಾಕತ್ತೈತಿ ಅಂತ ಕುಂತು ಕೇಳ್ರಿ. ಆಮ್ಯಾಲೆ ಲಗೂನ ಡಾಕ್ಟರ ಕಡೆ ಬರ್ರಿ."

ಹೊಸರಿತ್ತಿಯಿಂದ ಬಂದ ಒಬ್ಬ ಎಳೆಯ ತಾಯಿ ಇದ್ದಳು, ಗುತ್ತೆವ್ವ ಎಂದು. ಎರಡು ವರ್ಷದ ಕೂಸು, ಈಗಷ್ಟೇ ಕಾಯಿಲೆ ಗೊತ್ತಾಗಿದೆ. ಕಣ್ಣಲ್ಲಿ ದಿಗಿಲು ಇನ್ನೂ ಆರಿಲ್ಲ. "ಇಲ್ಲಿ ನಿಮ್ಮ ಕೂಸು ಯಾವುದ್ರೀ ಅಕ್ಕಾರ?" ಎಂದು ಕೇಳಿಬಿಟ್ಟಳು.

ನಾನು ಏಳಲು ಹೋದೆ. ಹಸೀನಕ್ಕ ಕೈಯಿಂದಲೇ ತಡೆದಳು.

"ನನ್ನ ಮಗಳ ಹೆಸರು ಶಮೀಮಾ. ಹ್ವಾದ ವರ್ಷ ತೀರಿಕೊಂಡ್ಲು. ಈಗ ಹೇಳಿದ್ದೆಲ್ಲಾ ಅಕೀ ಕಡಿಂದನ ಗೊತ್ತಾಗಿದ್ದು. ಹೆಸರು ನೆನಪಿಟಗೋ ತಂಗಿ, ಮಾತೂ ನೆನಪಿರತೈತಿ."

"ಶಮೀಮಾ" ಎಂದಳು ಗುತ್ತೆವ್ವ. ಸರಿಯಾಗಿ ಬಂತೋ ಇಲ್ಲವೋ ಎಂಬಂತೆ ಇನ್ನೊಮ್ಮೆ ಹೇಳಿ ನೋಡಿಕೊಂಡಳು. ಉಳಿದ ತಾಯಂದಿರೂ ಹೇಳಿದರು. ಡಾಕ್ಟರು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು.

ಸಂಜೆಯ ರೈಲಿಗೆ ಮೂವರೂ ಜೊತೆಗೆ ಹೊರಟೆವು. ದಾಕ್ಷಿ ಹೊಸ ರಕ್ತದ ಹುರುಪಿನಲ್ಲಿ ಕಿಟಕಿ ಬಿಟ್ಟು ಕದಲಲಿಲ್ಲ. ದೇವರಗುಡ್ಡ ದಾಟುವಾಗ ಹೊತ್ತು ಮುಳುಗುವ ಹಾಗಿತ್ತು. ಹಸೀನಕ್ಕ ಚೀಲದಿಂದ ಖರ್ಜೂರದ ಪೊಟ್ಟಣ ತೆಗೆದು ಮಡಿಲಲ್ಲಿಟ್ಟುಕೊಂಡಳು, ಇನ್ನೂ ವೇಳೆಯಾಗಿರಲಿಲ್ಲ. "ಒಬ್ಬಾಕಿನ ಕುಂತು ರೋಜಾ ಬಿಡೂದು ಬ್ಯಾಸರ ನೋಡು. ಮನ್ಯಾಗಿದ್ರ 'ಆತೇನಮ್ಮೀ, ಆತೇನಮ್ಮೀ' ಅಂತ ಶಮೀಮಾ ನನಗಿಂತ ಹೆಚ್ಚು ಅವಸರ ಮಾಡತಿದ್ಲು" ಎಂದಳು. ನಕ್ಕುಕೊಂಡೇ ಹೇಳಿದಳು.

ಬ್ಯಾಡಗಿ ಬಂತು. ಮೆಣಸಿನಕಾಯಿಯ ಘಾಟು ಡಬ್ಬಿಯೊಳಗೆ ನುಗ್ಗಿತು. ಜನ ಇಳಿದರು, ಹತ್ತಿದರು. ದಾಕ್ಷಿ ನನ್ನ ಮುಖ ನೋಡಿದಳು. ನಾನು ನೀರಿನ ತಂಬಿಗೆಯ ಮುಚ್ಚಳ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ರೈಲು ಹೊರಟಿತು. ಹಸೀನಕ್ಕ ಗಾಬರಿಯಾಗಿ, "ಏ ನೀಲವ್ವಾ, ನಿಮ್ಮೂರು!" ಎಂದಳು.

"ಹಾವೇರಿಗೆ ಹೋಗಿ ಹೊಳ್ಳಿ ಬರತೇವಿ" ಎಂದೆ.